ಮಿಲ್ಲು ನಿಲ್ಲದ ಬುಧವಾರ

ಚಳ್ಳಕೆರೆಯ ಹಳೇ ಎಣ್ಣೆಮಿಲ್ಲುಗಳ ಹಿಂದಿನ ಬೀದಿಗೆ ಹೋಗಿ ಗೋವರ್ಧನನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಮೂಟೆಗೆ ಕಟ್ಟಿದ ಹುಡುಗ’ ಎಂದು ಕೇಳಿ ನೋಡಿ, ಐವತ್ತು ದಾಟಿದವರೆಲ್ಲ ನಕ್ಕು ಕೈ ತೋರಿಸುತ್ತಾರೆ. ಆ ಹುಡುಗನಿಗೆ ಈಗ ನಲವತ್ತನಾಲ್ಕು. ನೆತ್ತಿ ಬಯಲಾಗಿದೆ, ಕನ್ನಡಕ ಬಂದಿದೆ, ಹೆಂಡತಿಯೊಬ್ಬಳು ಮಾತ್ರ ಬಂದಿಲ್ಲ.

ಹೆಸರು ಬಂದದ್ದು ಹೀಗೆ. ಅವನ ಅವ್ವ ಕಾಟಮ್ಮ ನನ್ನಿವಾಳದ ಹೆಣ್ಣು. ಮಗ ಹುಟ್ಟಿದ ವರ್ಷವೇ ಗಂಡ ತೀರಿಕೊಂಡಾಗ ಶೇಂಗಾ ಮಿಲ್ಲಿಗೆ ಬೀಜ ಆರಿಸುವ ಕೂಲಿಗೆ ಸೇರಿದಳು. ಮಗುವನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಮಿಲ್ಲಿಗೆ ಕರೆದುಕೊಂಡು ಹೋದರೆ ಅಲ್ಲಿ ಮೊಣಕಾಲೆತ್ತರಕ್ಕೇ ಸುತ್ತುವ ಬೆಲ್ಟುಗಳು. ಅಂಬೆಗಾಲಿಡುವ ಕೂಸು ಯಾವ ಗಳಿಗೆಯಲ್ಲಿ ಅದರ ಬಾಯಿಗೆ ಹೋಗುತ್ತದೋ ಯಾರಿಗೆ ಗೊತ್ತು? ಅಲ್ಲಿನ ಹೆಂಗಸರೆಲ್ಲ ಮಾಡುತ್ತಿದ್ದುದನ್ನೇ ಕಾಟಮ್ಮನೂ ಮಾಡಿದಳು. ಹಳೇ ಸೀರೆಯ ಅಂಚು ಹರಿದು, ಒಂದು ತುದಿಯನ್ನು ಮಗನ ಕಾಲಿಗೂ ಇನ್ನೊಂದನ್ನು ಶೇಂಗಾ ಮೂಟೆಯ ಕಿವಿಗೂ ಕಟ್ಟಿದಳು. ಮಿಲ್ಲು ಓಡುವಾಗ ಹೆಂಗಸರು ಜಾಗ ಬಿಟ್ಟು ಏಳುವ ಹಾಗಿರಲಿಲ್ಲ, ಎದ್ದರೆ ಮೇಸ್ತ್ರಿ ಅರ್ಧ ದಿನದ ಕೂಲಿಗೆ ಕತ್ತರಿ ಹಾಕುತ್ತಿದ್ದ. ಮಗು ಅತ್ತರೂ ಕೂತಲ್ಲೇ ‘ಲೊ ಲೊ’ ಅನ್ನಬೇಕು. ಒಂದು ಗಂಟೆಗೆ ಮಿಲ್ಲು ನಿಂತ ಕೂಡಲೇ ಕಾಟಮ್ಮ ಓಡಿ ಬಂದು ಮೊದಲು ಮಗನ ಕಾಲಿನ ಗಂಟು ಬಿಚ್ಚುವಳು, ಆಮೇಲೆ ಬುತ್ತಿಯ ಗಂಟು. ಎರಡಕ್ಕೆ ಮಿಲ್ಲು ಶುರುವಾಗುವಾಗ ಮತ್ತೆ ಕಟ್ಟುವಳು. ಬೇರೆ ಮಕ್ಕಳು ಎರಡು ವರ್ಷಕ್ಕೆ ಬಿಡುಗಡೆಯಾದರೆ, ಗೋವರ್ಧನ ಶಾಲೆಗೆ ಸೇರುವವರೆಗೂ ಮೂಟೆಯ ಪಕ್ಕದಲ್ಲೇ ಬೆಳೆದ. ಅದಕ್ಕೇ ಆ ಹೆಸರು.

ಬೆಳೆದವನು ಐಟಿಐ ಮುಗಿಸಿ ಹರಿಹರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದ. ಮದುವೆಯ ಮಾತು ಬಂದಾಗೆಲ್ಲ ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಅನ್ನುತ್ತ ಹೋದ. ಮುಂದಿನ ವರ್ಷ ಅನ್ನುವುದು ಹೀಗೆ ಕಾಯಿಸುವುದರಲ್ಲಿ ಬಲು ಪಳಗಿದ್ದು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಕುಲ್ಸುಮ್ ಬೀ ಫೋನ್ ಮಾಡಿದಳು.

“ಗೋವರ್ಧನಾ, ನಿಮ್ಮ ಅವ್ವ ಬಳ್ಳಾರಿ ರೋಡಿನಾಗೆ ಒಬ್ಬರೇ ನಡ್ಕೊಂಡು ಹೋಗ್ತಿದ್ರು. ಲಾರಿ ಡ್ರೈವರೊಬ್ಬ ಕರ್ಕೊಂಬಂದು ಬಿಟ್ಟ. ಕೇಳಿದ್ರೆ ಮಿಲ್ಲಿಗೆ ಹೊತ್ತಾಯ್ತು ಅಂತಾರೆ. ನೀನೊಂದ್ಸಲ ಬಂದು ಹೋಗಪ್ಪ.”

ಆ ಮಿಲ್ಲು ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಗೋವರ್ಧನ ಒಂದು ವಾರ ರಜೆ ಹಾಕಿ ಬಂದ. ಚಿತ್ರದುರ್ಗದ ಡಾಕ್ಟರು ಇದು ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ, ಒಬ್ಬರನ್ನೇ ಬಿಡಬೇಡಿ ಎಂದರು. ಆ ಒಂದು ವಾರ ಇನ್ನೂ ಮುಗಿದಿಲ್ಲ.

ಮನೆಯಲ್ಲೇ ಕೂತು ಮಾಡುವ ಕೆಲಸ ಬೇಕಿತ್ತು. ಹರಿಹರದ ಗೆಳೆಯನೊಬ್ಬ ಹವ್ಯಾಸಕ್ಕೆ ಕಟ್ಟಿಕೊಂಡಿದ್ದ ಸಿಎನ್‌ಸಿ ಯಂತ್ರವನ್ನು ಗೋವರ್ಧನ ಕೊಂಡು ತಂದ. ಕೇರಂ ಬೋರ್ಡಿಗಿಂತ ತುಸು ದೊಡ್ಡದು. ಕಂಪ್ಯೂಟರಿನಲ್ಲಿ ಬರೆದದ್ದನ್ನು ಯಂತ್ರ ಮರದ ಮೇಲೆ ಕೊರೆಯುತ್ತದೆ. ಕೊರೆಯುವ ಮೋಟಾರಿಗೆ ಸ್ಪಿಂಡಲ್ ಎಂದು ಹೆಸರು, ಹೊಟ್ಟು ಎಳೆದುಕೊಳ್ಳುವುದಕ್ಕೆ ವ್ಯಾಕ್ಯೂಮ್. ಮನೆಗಳ ನಾಮಫಲಕ, ದೇವರ ಕೋಣೆಯ ಬಾಗಿಲಿನ ಚಿತ್ತಾರ ಇಂಥ ಕೆಲಸ ಬರತೊಡಗಿತು. ಯಂತ್ರ ತಾನಾಗಿ ಅತ್ತಿತ್ತ ಓಡುತ್ತಿತ್ತು, ನಿಜ. ಆದರೆ ಸ್ಪಿಂಡಲಿಗೂ ವ್ಯಾಕ್ಯೂಮಿಗೂ ಕೈಯಿಂದಲೇ ಸ್ವಿಚ್ಚು ಹಾಕಬೇಕು. ಸ್ಪಿಂಡಲ್ ಹಾಕುವುದು ಮರೆತರೆ ಅದರ ಕೊರೆಯುವ ಮೊನೆ ತಿರುಗದೆಯೇ ಮರಕ್ಕೆ ಇಳಿದು ಪಟ್ಟೆಂದು ಮುರಿಯುವುದು. ಆರಿಸುವುದು ಮರೆತರೆ ಒಂದೇ ಕಡೆ ಉಜ್ಜಿ ಮರ ಸುಟ್ಟು ಕರಕಲಾಗುವುದು. ಅಷ್ಟರಲ್ಲಿ ಒಳಗಿಂದ ಅವ್ವ ಕರೆಯುವಳು, ಇವನು ಓಡುವನು. ‘ಶ್ರೀ ಬಸವೇಶ್ವರ ನಿಲಯ’ ಅನ್ನುವ ಒಂದು ಫಲಕವನ್ನು ಆ ಮನೆಯವರಿಗಾಗಿ ಮೂರು ಸಲ ಕೆತ್ತಿದ್ದಾನೆ.

ವ್ಯಾಕ್ಯೂಮ್ ಮಾಡಿಕೊಟ್ಟವನು ಕುಲ್ಸುಮ್ ಬೀಯ ಗಂಡ ಚಾಂದ್ ಪಾಷ. ಮೋಟಾರಿಗೆ ತಂತಿ ಸುತ್ತುವುದರಲ್ಲಿ ಊರಿಗೇ ಹಿರಿಯ. ಅಂಗಡಿಯದು ತಂದರೆ ಎರಡು ತಿಂಗಳು ಬಾಳಲ್ಲ ಎಂದು ಹೇಳಿ, ಮುಚ್ಚಿದ ಎಣ್ಣೆಮಿಲ್ಲಿನ ಗುಜರಿಯಿಂದ ಗಾಳಿ ಎಳೆಯುವ ಹಳೇ ಬ್ಲೋವರ್ ತಂದು, ಹೊಸದಾಗಿ ಸುತ್ತಿ, ಡ್ರಮ್ಮೊಂದಕ್ಕೆ ಕೂರಿಸಿ ಕೊಟ್ಟ. ಹಗಲೆಲ್ಲ ಓಡಿದರೂ ಬಿಸಿಯಾಗದ ಗಟ್ಟಿ ಕುಳ. ಮೊದಲ ದಿನ ಸ್ವಿಚ್ಚು ಹಾಕಿದಾಗ ಆ ಸದ್ದಿಗೆ ಗೋಡೆಯ ಕ್ಯಾಲೆಂಡರು ನಡುಗಿತು. ಅವ್ವ ಹೆದರಿಕೊಳ್ಳುತ್ತಾಳೇನೋ ಎಂದು ಗೋವರ್ಧನ ಹೊರಗೆ ಓಡಿ ಬಂದ. ಕಾಟಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಕಾಲು ಮಡಿಸಿ ಕೂತಿದ್ದಳು.

“ಮೊರ ಎಲ್ಲಿ? ಆಗ್ಲೇ ಶುರುವಾಗೈತೆ,” ಎಂದಳು.

ಅವನು ಮೊರ ಕೊಟ್ಟು ಎರಡು ಸೇರು ಶೇಂಗಾ ಬೀಜ ಸುರಿದ. ಮೂರು ಹೊತ್ತೂ ಬಾಗಿಲ ಕಡೆ ಎದ್ದೆದ್ದು ಹೋಗುತ್ತಿದ್ದ ಅವ್ವ ನಾಲ್ಕು ತಾಸು ಅಲ್ಲಾಡದೆ ಕೂತು ಬೀಜ ಆರಿಸಿದಳು. ಸುಕ್ಕಿದ್ದು ಒಂದು ಕಡೆ, ಒಡಕು ಒಂದು ಕಡೆ, ಒಳ್ಳೇದು ಒಂದು ಕಡೆ. ಮುಖದಲ್ಲಿ ಎಷ್ಟು ನೆಮ್ಮದಿಯೆಂದರೆ ಗೋವರ್ಧನ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡ. ಡಾಕ್ಟರಿಗೆ ಸಿಗದ ಮದ್ದು ಗುಜರಿಯಲ್ಲಿ ಸಿಕ್ಕಿತ್ತು.

ಆದರೆ ಸದ್ದು ನಿಂತಿತೋ, ಆಟ ಮುಗಿಯಿತು. ಮೊರ ಕೊಡವಿ ಎದ್ದು, “ಮಗ ಕಾಯ್ತಿರ್ತಾನೆ” ಎಂದು ಬೀದಿಗೆ ಇಳಿಯುವಳು. ಇಲ್ಲೇ ಇದ್ದೀನಿ ಅವ್ವ ಅಂದರೆ, ಬೋಳುತಲೆಯ ಈ ಗಂಡಸು ಯಾಕೆ ತನ್ನನ್ನು ಅವ್ವ ಅನ್ನುತ್ತಾನೆ ಎಂದು ದುರುಗುಟ್ಟುವಳು. ಹೀಗಾಗಿ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬ್ಲೋವರ್ ಮೊರೆತ. ಒಂದು ಗಂಟೆಗೆ ನಿಲ್ಲಿಸಿ ಊಟ ಮಾಡಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಿ, ಎರಡಕ್ಕೆ ಮತ್ತೆ ಹಾಕುವನು. ಸದ್ದಿದ್ದರೆ ಸ್ವಿಚ್ಚು ಬಿಟ್ಟು ಕದಲುವಂತಿಲ್ಲ, ಸದ್ದಿಲ್ಲದಿದ್ದರೆ ಅವ್ವನನ್ನು ಬಿಟ್ಟು ಕದಲುವಂತಿಲ್ಲ. ಅತ್ತ ದರಿ, ಇತ್ತ ಪುಲಿ ಅಂತಾರಲ್ಲ, ಅದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಬೇಕಿಲ್ಲ. ಹನ್ನೊಂದು ತಿಂಗಳು ಅವನು ಚಳ್ಳಕೆರೆಯ ಗಡಿ ದಾಟಿರಲಿಲ್ಲ. ಮಲಗಿದಾಗಲೂ ಕಿವಿಯಲ್ಲಿ ಬ್ಲೋವರೇ ಓಡುತ್ತಿತ್ತು. ಒಂದೊಂದು ದಿನ ಅವ್ವನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ತನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬರುತ್ತಿತ್ತು.

ಆಗ ಅವನಿಗೆ ಹೊಳೆದದ್ದು ರಿಲೇ.

ರಿಲೇ ಎಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಪೆಪ್ಪರಮಿಂಟಿನ ಪೊಟ್ಟಣದಷ್ಟು ನೀಲಿ ಡಬ್ಬಿ. ಒಳಗೆ ತಂತಿ ಸುತ್ತಿದ ಪುಟ್ಟ ಆಯಸ್ಕಾಂತ, ಅದರ ಮುಂದೆ ತೆಳ್ಳನೆಯ ಲೋಹದ ನಾಲಗೆ. ಯಂತ್ರದ ಕಡೆಯಿಂದ ಬರುವ ಬಡಪಾಯಿ ಕರೆಂಟು ಆಯಸ್ಕಾಂತವನ್ನು ಎಬ್ಬಿಸುತ್ತದೆ, ಅದು ನಾಲಗೆಯನ್ನು ಎಳೆಯುತ್ತದೆ, ನಾಲಗೆ ತಗುಲಿದ ಕೂಡಲೇ ಮನೆಯ ದೊಡ್ಡ ಕರೆಂಟು ಹರಿದು ಮೋಟಾರು ತಿರುಗುತ್ತದೆ. ಸಾಹೇಬರು ಒಳಗೆ ಕೂತು ಕೆಮ್ಮಿದರೆ ಜವಾನ ಬಾಗಿಲು ತೆಗೆದ ಹಾಗೆ. ಗೋವರ್ಧನ ಎರಡು ರಿಲೇಗಳ ಒಂದು ಹಲಗೆ ತರಿಸಿ, ಒಂದಕ್ಕೆ ಸ್ಪಿಂಡಲ್, ಇನ್ನೊಂದಕ್ಕೆ ವ್ಯಾಕ್ಯೂಮ್ ಜೋಡಿಸಿದ. ಇನ್ನು ಕೆತ್ತನೆಯ ಸಾಲುಗಳ ನಡುವೆ ಎಂ-ಮೂರು ಎಂದು ಬರೆದರೆ ಸ್ಪಿಂಡಲ್ ಶುರು, ಎಂ-ಐದು ಅಂದರೆ ಬಂದ್. ಎಂ-ಎಂಟು ಅಂದರೆ ವ್ಯಾಕ್ಯೂಮ್ ಶುರು, ಎಂ-ಒಂಬತ್ತು ಅಂದರೆ ಬಂದ್. ‘ಟಿಕ್’ ಎಂದು ಒಂದು ಸದ್ದು, ಹಲಗೆಯ ಮೇಲೆ ಒಂದು ಕೆಂಪು ದೀಪ, ಅಷ್ಟೇ. ಮೊದಲ ದಿನ ಫಲಕ ಕೆತ್ತಲು ಬಿಟ್ಟು ಅಡುಗೆಮನೆಯಲ್ಲಿ ನಿಂತು ಗಂಟಿಲ್ಲದ ಮುದ್ದೆ ತೊಳಸಿದಾಗ ಅವನಿಗೆ ಸ್ವರ್ಗ ಮೂರೇ ಗೇಣು.

ಚಾಂದ್ ಪಾಷ ಬಂದು ಹಲಗೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

“ಸ್ಪಿಂಡಲಿಗೆ ನಡಿತೈತೆ. ಬ್ಲೋವರಿಗೆ ಬ್ಯಾಡ ಲೇ. ಮೋಟಾರ್ ಎದ್ದೇಳೋವಾಗ ಒಂದೇ ಏಟಿಗೆ ಐದಾರು ಪಟ್ಟು ಕರೆಂಟ್ ಎಳಿತೈತೆ. ಈ ನೀಲಿ ಡಬ್ಬಿ ನಾಲಗೆ ಎಷ್ಟು ದಿನ ತಡ್ಕೊಳ್ಳುತ್ತೆ? ಸುಟ್ಟು ಅಂಟ್ಕೊಂಬಿಡ್ತೈತೆ. ಆಮ್ಯಾಗೆ ನೀನು ಬಂದ್ ಅಂದ್ರೂ ಅದು ಬಂದ್ ಆಗಲ್ಲ. ಮೋಟಾರಿಗಂತ್ಲೇ ದೊಡ್ಡ ರಿಲೇ ಬರ್ತೈತೆ, ಕಾಂಟ್ಯಾಕ್ಟರ್ ಅಂತ, ತರಿಸ್ತೀನಿ, ಶುಕ್ರವಾರ ಬರ್ತೈತೆ. ಅಲ್ಲೀತನಕ ಕೈಯಾಗೇ ಹಾಕು.”

“ಇಪ್ಪತ್ತು ಸಲ ಹಾಕಿ ನೋಡೀನಿ ಪಾಷಣ್ಣ. ಏನೂ ಆಗಿಲ್ಲ.”

“ಇಪ್ಪತ್ತೊಂದನೇ ಸಲಕ್ಕೆ ನನ್ನ ಕರಿ,” ಎಂದು ಪಾಷ ನಕ್ಕು ಹೋದ.

ಶುಕ್ರವಾರಕ್ಕೆ ಮೊದಲು ಬುಧವಾರ ಬಂದುಬಿಟ್ಟಿತು. ಭಾನುವಾರ ಮೊಳಕಾಲ್ಮೂರಿನಿಂದ ಬೊಮ್ಮಲಿಂಗಪ್ಪ ಫೋನ್ ಮಾಡಿದ. ಸಂಬಂಧದಲ್ಲಿ ಇವನಿಗೆ ಮಾವನಾಗಬೇಕು. ಅಲ್ಲಿಯೇ ನೆಲೆಸಿ ನಾಲ್ಕು ಮಗ್ಗ ಹಾಕಿಸಿದ್ದಾನೆ.

“ಲೇ ಗೋವರ್ಧನ, ಪ್ರೇಮಲತಾ ಅಂತ, ನಮ್ಮವರೇ. ಮೂವತ್ತೊಂಬತ್ತು. ಗಂಡ ಹೋಗಿ ಏಳು ವರ್ಷ. ಅತ್ತೇನ ಆರು ವರ್ಷ ಹಾಸಿಗೆ ಮ್ಯಾಲೆ ನೋಡ್ಕೊಂಡಾಳೆ ಕಣಲೇ, ಹೋದ ವರ್ಷ ಆ ಮುದುಕೀನೂ ಹೋಯ್ತು. ನಿಮ್ಮ ಅವ್ವನ ಸಂಗತಿ ಹೇಳೀನಿ. ಆಗಲ್ಲ ಅಂದಿಲ್ಲ. ಬುಧವಾರ ಬಂದು ಮಾತಾಡ್ಕೊಂಡು ಹೋಗು. ಅವಳೇ ದಿನ ಹೇಳ್ಯಾಳೆ, ಗುರುವಾರದಿಂದ ಹೊಸ ಸೀರೆ ಮಗ್ಗಕ್ಕೇರಿಸ್ತಾಳೆ, ಆಮೇಲೆ ತಿಂಗಳು ಏಳಕಾಗಲ್ಲ. ಈ ಸಲ ಬರಲಿಲ್ಲ ಅಂದ್ರೆ ನನ್ನ ಹತ್ರ ಮದುವೆ ಮಾತು ಎತ್ತಬ್ಯಾಡ.”

ಅವ್ವನ ಸಂಗತಿ ಗೊತ್ತಿದ್ದೂ ಆಗಲ್ಲ ಅನ್ನದ ಹೆಣ್ಣು! ಆದರೆ ಅವ್ವನ ಹತ್ತಿರ ಯಾರು? ಅರ್ಧ ಗಂಟೆ, ಒಂದು ಗಂಟೆ ಬಂದು ಕೂರುವ ಕುಲ್ಸುಮ್ ಬೀ ಮತ್ತು ಪಾಷ ತಂಗಿಯ ಮಗಳ ನಿಕಾಹ್‌ಗೆ ಮಂಗಳವಾರ ರಾಯದುರ್ಗಕ್ಕೆ ಹೊರಟಿದ್ದರು. ಬರುವುದು ಗುರುವಾರ. ಬೇರೆ ಯಾರನ್ನಾದರೂ ಕೇಳೋಣವೆಂದರೆ, ಅವ್ವ ಹೊಸಬರ ಕೈ ಕಚ್ಚುತ್ತಾಳೆ.

ಸೋಮವಾರ ಅವನು ಕಂಪ್ಯೂಟರಿನ ಮುಂದೆ ಕೂತು ಒಂದು ಹೊಸ ಫೈಲು ಬರೆದ. ಅದರಲ್ಲಿ ಕೆತ್ತನೆಯೇ ಇರಲಿಲ್ಲ. ಒಂಬತ್ತು ಗಂಟೆಗೆ ಎಂ-ಎಂಟು. ನಾಲ್ಕು ತಾಸು ಸುಮ್ಮನಿರು. ಒಂದು ಗಂಟೆಗೆ ಎಂ-ಒಂಬತ್ತು. ಒಂದು ತಾಸು ಸುಮ್ಮನಿರು. ಎರಡಕ್ಕೆ ಮತ್ತೆ ಎಂ-ಎಂಟು. ಮೂರು ತಾಸು ಸುಮ್ಮನಿರು. ಐದಕ್ಕೆ ಎಂ-ಒಂಬತ್ತು. ಅವ್ವನ ಇಡೀ ದಿನ ಏಳು ಸಾಲಿನಲ್ಲಿ ಮುಗಿಯಿತು. ಕಂಪ್ಯೂಟರು ಫೈಲಿಗೆ ಹೆಸರು ಕೇಳಿದಾಗ ಮೊದಲು ‘ಬುಧವಾರ’ ಎಂದು ಬರೆದು ಅಳಿಸಿದ. ಆಮೇಲೆ ‘ಅವ್ವ’ ಎಂದೇ ಒತ್ತಿದ.

ಮಂಗಳವಾರ ಪರೀಕ್ಷೆ ಮಾಡಿದ. ತಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತ. ಒಂದು ಗಂಟೆಗೆ ಟಿಕ್ ಎಂದಿತು, ಬ್ಲೋವರ್ ನಿಂತಿತು. ಅವ್ವ ಎದ್ದು, ಗೂಡಿನಲ್ಲಿಟ್ಟ ಬುತ್ತಿ ತೆಗೆದು ರೊಟ್ಟಿ ತಿಂದಳು, ನೀರು ಕುಡಿದಳು, ತಾನಾಗಿಯೇ ಬಚ್ಚಲಿಗೆ ಹೋಗಿ ಬಂದಳು. ಬೀದಿ ಬಾಗಿಲು ಎರಡು ಸಲ ಎಳೆದು ನೋಡಿದಳು, ಬೀಗ ಹಾಕಿತ್ತು. ಎರಡಕ್ಕೆ ಸದ್ದು ಶುರುವಾದಾಗ ಮತ್ತೆ ಮೊರದ ಮುಂದೆ ಕೂತಳು. ಸ್ಪಿಂಡಲ್ ತಿರುಗಿದಂತೆ ಅವ್ವನೂ ಒಂದು ಅಕ್ಷರಕ್ಕೆ ಏಳುತ್ತಾಳೆ, ಒಂದು ಅಕ್ಷರಕ್ಕೆ ಕೂರುತ್ತಾಳೆ. ಅವನಿಗೆ ಖುಷಿಯಾಯಿತು. ಒಂದು ದಿನಕ್ಕೆ ತಾನೇ ಎಂದುಕೊಂಡ.

ಬುಧವಾರ ಬೆಳಿಗ್ಗೆ ಗ್ಯಾಸು ಆರಿಸಿ, ಸ್ಪಿಂಡಲಿನ ಪ್ಲಗ್ಗು ಕಿತ್ತಿಟ್ಟು, ಯಂತ್ರದ ಕೋಣೆಯ ಬಾಗಿಲು ಹಾಕಿ, ಐದು ಸೇರು ಶೇಂಗಾ ಸುರಿದು, ಬುತ್ತಿಯನ್ನು ಗೂಡಿನಲ್ಲಿಟ್ಟ. ಕರೆಂಟಿನ ಆಫೀಸಿಗೆ ಫೋನ್ ಮಾಡಿ ಇವತ್ತು ಲೈನಿನ ಕೆಲಸ ಏನೂ ಇಲ್ಲ ತಾನೇ ಎಂದು ಎರಡು ಸಲ ಕೇಳಿದ. ಅವನಿಗಿದ್ದ ಭಯ ಅದೊಂದೇ: ಕರೆಂಟು ಹೋದರೆ ಸದ್ದು ನಿಲ್ಲುತ್ತದೆ, ಅವ್ವ ಬಾಗಿಲು ಬಡಿಯುತ್ತಾಳೆ. ಒಂಬತ್ತಕ್ಕೆ ಟಿಕ್ ಎಂದಿತು, ಬ್ಲೋವರ್ ಎದ್ದಿತು. ಅವ್ವನ ಬೆರಳು ಬೀಜದಲ್ಲಿ ಆಡತೊಡಗಿದ್ದನ್ನು ನೋಡಿ ಬೀಗ ಹಾಕಿಕೊಂಡು ಹೊರಟ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ತಳಕು ದಾಟುವ ಹೊತ್ತಿಗೆ ಕಿವಿಯೊಳಗಿನ ಬ್ಲೋವರ್ ನಿಂತದ್ದು ಗೊತ್ತಾಯಿತು. ಬರೀ ಗಾಳಿ. ಜಾಲಿ, ಬಂಡೆ, ಕುರಿಮಂದೆ, ಮತ್ತೆ ಜಾಲಿ. ನೋಡುವಂಥದ್ದೇನೂ ಅಲ್ಲ, ಆದರೆ ಅವನು ಮದುವಣಗಿತ್ತಿಯನ್ನು ನೋಡುವಂತೆ ಅದನ್ನೇ ನೋಡಿದ.

ಪ್ರೇಮಲತಾ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಹಳೇ ಹಾಸಿನ ಕೊನೆಯ ಎಳೆಗಳನ್ನು ಬಿಡಿಸುತ್ತಿದ್ದಳು. ಎದ್ದು ಬಂದು ಕಾಫಿ ಕೊಟ್ಟಳು. ಬೊಮ್ಮಲಿಂಗಪ್ಪ, “ಏಮಮ್ಮಾ, ನಾನು ಹೊರಗೆ ಕೂತಿರ್ತೀನಿ, ಮಾತಾಡ್ಕಳಿ” ಎಂದು ಜಗಲಿಗೆ ಹೋದ. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ ಅವಳು.

“ನಮ್ಮತ್ತೆಗೆ ಕೊನೇ ಕೊನೇಗೆ ಮಾತೇ ಹೋಗಿತ್ತು. ಮಗ್ಗದಾಗೆ ಕೂತ್ರೆ ನಂಗೆ ಏಳಕಾಗಲ್ಲ. ಅವರ ಕೈಗೆ ಒಂದು ಗಂಟೆ ಕಟ್ಟಿದ್ದೆ. ಬೇಕಂದಾಗ ಅಲ್ಲಾಡಿಸೋರು, ನಾ ಏಳೋಳು. ಒಂದೊಂದು ದಿನ ಮೂವತ್ತು ಸಲ. ಬೇಜಾರಾಗ್ತಿತ್ತು, ಸುಳ್ಳು ಯಾಕೆ ಹೇಳ್ಲಿ. ಈಗ ನಿಮ್ಮ ಅವ್ವನ ಹತ್ರ ಯಾರಿದಾರ್ರಿ?”

ಗೋವರ್ಧನನ ಬಾಯಿಗೆ ಬಂದದ್ದು, “ಪಕ್ಕದ ಮನೆ ಕುಲ್ಸುಮ್ ಬೀ ಇದಾರೆ.”

“ಹಂಗಾದ್ರೆ ಸರಿ,” ಎಂದಳು ಪ್ರೇಮಲತಾ. ಆಮೇಲೆ ಅವನ ಕೆಲಸದ ವಿಷಯ ಕೇಳಿದಳು, ನಡುವೆ ಒಂದು ಸಲ ನಕ್ಕಳು. ತನ್ನ ಮಾತಿಗೆ ಹೆಂಗಸೊಬ್ಬಳು ನಗುವುದನ್ನು ಅವನು ಮರೆತೇಬಿಟ್ಟಿದ್ದ.

ಹನ್ನೆರಡೂವರೆಗೆ ತಲೆಯ ಮೇಲಿನ ಫ್ಯಾನು ನಿಂತಿತು. ಕರೆಂಟು ಹೋಗಿತ್ತು. ಗೋವರ್ಧನ ಚೇಳು ಕಚ್ಚಿದವನಂತೆ ಎದ್ದು ಹೊರಗೆ ಬಂದು, ತನ್ನ ಬೀದಿಯ ಮೂಲೆಯ ಟೀ ಅಂಗಡಿಯ ಕ್ಯಾತಪ್ಪನಿಗೆ ಫೋನ್ ಹಚ್ಚಿದ.

“ಕ್ಯಾತಣ್ಣ, ನಮ್ಮ ಬೀದಿಯಾಗೆ ಕರೆಂಟ್ ಐತಾ?”

“ಐತಲ್ಲ, ಬೆಳಗಿಂದ ಕಣ್ಣು ಮಿಟುಕಿಸಿಲ್ಲ. ಯಾಕಲೇ, ಎಲ್ಲಿದೀಯ?”

ಮನೆಯ ಕಿಟಕಿಯಿಂದ ಅವ್ವನನ್ನು ಒಂದು ಸಲ ನೋಡಿ ಬಾ ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಕ್ಯಾತಪ್ಪನಿಗೆ ಹೇಳುವುದೂ ಒಂದೇ, ಮೈಕು ಕಟ್ಟಿಸುವುದೂ ಒಂದೇ. ಹೆತ್ತವಳನ್ನು ಬೀಗ ಹಾಕಿ ಹೆಣ್ಣು ನೋಡಲು ಹೋದ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ. “ಸುಮ್ನೆ ಕೇಳ್ದೆ” ಎಂದು ಫೋನ್ ಇಟ್ಟ. ಕರೆಂಟು ಇದೆಯಲ್ಲ, ಇನ್ನೇನು?

ಊಟ ಮಾಡಿಕೊಂಡು ಮೂರರ ಬಸ್ಸಿಗೆ ಬಂದ. ಅದು ಹತ್ತಿದ್ದರೆ ಐದರೊಳಗೆ ಮನೆ. ಪ್ರೇಮಲತಾ ರಾತ್ರಿ ಎಂಟಕ್ಕೆ ಫೋನ್ ಮಾಡಿ ತನ್ನ ಮಾತು ಹೇಳುತ್ತೇನೆ ಎಂದಿದ್ದಳು, ಹೇಳುವಾಗಿನ ಅವಳ ಮುಖದಲ್ಲಿ ‘ಇಲ್ಲ’ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಗೋವರ್ಧನ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಕೂತ. ಯಾರೂ ಅವನನ್ನು ಕರೆಯಲಿಲ್ಲ. ಯಾವ ಸ್ವಿಚ್ಚೂ ಅವನಿಗೆ ಕಾದಿರಲಿಲ್ಲ. ಮೂರರ ಬಸ್ಸು ಬಂತು, ಕಂಡಕ್ಟರು ಚಳ್ಳಕೆರೆ ಚಳ್ಳಕೆರೆ ಎಂದು ಕೂಗಿದ. ಗೋವರ್ಧನ ಎದ್ದು ನಿಂತ, ಮತ್ತೆ ಕೂತ. ಇನ್ನೊಂದು ಬಸ್ಸಿಗೆ ಹೋದರಾಯಿತು. ಬಸ್ಸು ಹೋದದ್ದನ್ನು ನೋಡುತ್ತ ಮಂಡಕ್ಕಿ ಮುಗಿಸಿದ. ತನ್ನ ಜೀವನದ ಅತ್ಯಂತ ರುಚಿಯಾದ ಮಂಡಕ್ಕಿ ಅದು ಎಂದು ಅವನೇ ಆಮೇಲೆ ಹೇಳಿದ್ದಾನೆ, ಹೇಳುವಾಗ ಅತ್ತಿದ್ದಾನೆ.

ಇನ್ನೊಂದು ಬಸ್ಸು ಬಂದದ್ದೇ ನಾಲ್ಕೂವರೆಗೆ. ಚಳ್ಳಕೆರೆಯಲ್ಲಿ ಇಳಿದಾಗ ಆರು ಹೊಡೆದಿತ್ತು. ಐದಕ್ಕೇ ಬ್ಲೋವರ್ ನಿಂತಿರುತ್ತದೆ, ಒಂದು ಗಂಟೆಯಿಂದ ಅವ್ವ ಬಾಗಿಲು ಬಡಿಯುತ್ತಿರುತ್ತಾಳೆ, ಜನ ಸೇರಿರುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಬೀದಿಯ ತಿರುವಿನಲ್ಲಿ ಬ್ಲೋವರಿನ ಸದ್ದು ಕೇಳಿಸಿತು. ಸದ್ಯ, ಅವ್ವ ಕೂತಿದ್ದಾಳೆ ಎಂದು ಉಸಿರು ಬಿಟ್ಟ. ನಾಲ್ಕು ಹೆಜ್ಜೆ ನಡೆದ ಮೇಲೆ ಅವನಿಗೆ ಅರ್ಥವಾಯಿತು: ಈಗ ಅದು ಓಡಬಾರದು.

ಬೀಗ ತೆಗೆದಾಗ ವಾಸನೆ ಮೂಗಿಗೆ ಬಡಿಯಿತು. ಕಾಟಮ್ಮ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಸೀರೆ, ನೆಲ ಒದ್ದೆ. ಐದು ಸೇರು ಬೀಜ ಮೂರು ಗುಡ್ಡೆಯಾಗಿ ಯಾವಾಗಲೋ ಮುಗಿದಿತ್ತು. ಮುಗಿದರೂ ಮಿಲ್ಲು ಓಡುತ್ತಿದೆಯಲ್ಲ, ಕೈ ಖಾಲಿ ಇದ್ದರೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ನೆಲದ ಗಾರೆಯನ್ನು ಉಗುರಿನಿಂದ ಕೆರೆದು, ಎದ್ದ ಮರಳಿನ ಹರಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಎರಡು ಬೆರಳ ತುದಿಯಲ್ಲಿ ರಕ್ತ ಒಣಗಿತ್ತು. ತುಟಿ ಬಿರಿದಿತ್ತು. ಗೂಡಿನಲ್ಲಿ ಬುತ್ತಿಯ ಗಂಟು ಅವನು ಕಟ್ಟಿದ ಹಾಗೆಯೇ ಇತ್ತು.

ಅವನು ಯಂತ್ರದ ಕೋಣೆಗೆ ನುಗ್ಗಿದ. ಕಂಪ್ಯೂಟರಿನಲ್ಲಿ ‘ಅವ್ವ’ ಫೈಲಿನ ಏಳೂ ಸಾಲು ಮುಗಿದಿತ್ತು. ಹಲಗೆಯ ಮೇಲೆ ಕೆಂಪು ದೀಪ ಆರಿತ್ತು. ರಿಲೇ ತನ್ನ ಮಟ್ಟಿಗೆ ಒಂದು ಗಂಟೆಗೂ ಬಂದ್ ಅಂದಿತ್ತು, ಐದಕ್ಕೂ ಬಂದ್ ಅಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮೋಟಾರು ಎದ್ದ ಏಟಿಗೇ ಒಳಗಿನ ನಾಲಗೆ ಸುಟ್ಟು ಅಂಟಿಕೊಂಡಿತ್ತು, ಅಷ್ಟೇ. ಗೋವರ್ಧನ ಗೋಡೆಯ ಪ್ಲಗ್ಗು ಹಿಡಿದು ಕಿತ್ತ. ಬ್ಲೋವರ್ ನರಳುತ್ತ ನಿಧಾನವಾಗಿ ನಿಂತಿತು.

ಸದ್ದು ನಿಂತದ್ದೇ ಕಾಟಮ್ಮ ಗೋಡೆ ಹಿಡಿದು ಎದ್ದಳು. ಕಾಲು ಜೋಮು ಹಿಡಿದು ಒಂದು ಸಲ ಬಿದ್ದಳು, ಅವನು ಹಿಡಿಯಲು ಹೋದರೆ ಕೈ ಕೊಡವಿದಳು.

“ಮೇಸ್ತ್ರಿ, ಇವತ್ತು ಊಟಕ್ಕೆ ಯಾಕೆ ಬಿಡ್ಲಿಲ್ಲ ನೀವು? ನಂದು ಹೋಗ್ಲಿ. ಕೂಸು ಮೂಟೆ ಹತ್ರ ಐತೆ. ಮಧ್ಯಾಹ್ನದಿಂದ ಅಳೋದು ಕೇಳ್ತೈತೆ ನಂಗೆ. ಏಳಂಗಿಲ್ಲ ಅಂತೀರಿ. ಅದ್ರ ಕಾಲು ಬಿಚ್ಚಬೇಕಿತ್ತು ನಾನು. ಹೊತ್ತು ಮುಳುಗ್ತಾ ಬಂತು, ಇನ್ನೂ ಬಿಚ್ಚಿಲ್ಲ.”

ಗೋವರ್ಧನ ನೀರು ಕುಡಿಸಿದ, ಮೈ ತೊಳೆದ, ಬೆರಳಿಗೆ ಅರಿಶಿನ ಹಚ್ಚಿದ. ಅವ್ವ ತನ್ನನ್ನು ಕಟ್ಟಿಹಾಕಿದ್ದಳು ಎಂದು ಊರಿನ ಜೊತೆ ತಾನೂ ಎಷ್ಟು ಸಲ ನಕ್ಕಿದ್ದ! ಅವಳು ದಿನಾ ಒಂದು ಗಂಟೆಗೆ ಬಿಚ್ಚುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಎಂಟಕ್ಕೆ ಪ್ರೇಮಲತಾಳ ಫೋನ್ ಬಂತು. “ಮನೆ ಸೇರಿದ್ರಾ? ಅವ್ವ ಹೆಂಗಿದಾರ್ರಿ?” ಎಂದು ಅವಳು ಕೇಳುವಷ್ಟರಲ್ಲಿ ಇವನು, “ಕುಲ್ಸುಮ್ ಬೀ ಇರಲಿಲ್ಲ. ಯಾರೂ ಇರಲಿಲ್ಲ. ಬೀಗ ಹಾಕಿದ್ದೆ” ಎಂದುಬಿಟ್ಟ. ಇಡೀ ದಿನದ ಕಥೆಯನ್ನು ಮಂಡಕ್ಕಿಯ ಸಮೇತ ಹೇಳಿದ. ಪೂರ್ತಿ ಕೇಳಿಸಿಕೊಂಡು ಅವಳು, “ಅವ್ವಂಗೆ ಗಂಜಿ ಮಾಡಿ ಕುಡಿಸ್ರಿ, ರೊಟ್ಟಿ ಕೊಡಬ್ಯಾಡ್ರಿ. ನಾನು ಯೋಚ್ನೆ ಮಾಡಿ ಹೇಳ್ತೀನಿ” ಎಂದಳು. ಆ ಮಾತಿಗೆ ನಾಲ್ಕು ತಿಂಗಳಾಯಿತು. ಅವಳು ಫೋನ್ ಮಾಡಿಲ್ಲ, ಇವನಿಗೂ ಮಾಡುವ ಮುಖವಿಲ್ಲ.

ಶುಕ್ರವಾರ ಚಾಂದ್ ಪಾಷ ದೊಡ್ಡ ಕಾಂಟ್ಯಾಕ್ಟರ್ ಹಿಡಿದುಕೊಂಡು ಬಂದ. ಸುಟ್ಟ ರಿಲೇಯನ್ನು ಒಡೆದು ಬೆಳಕಿಗೆ ಹಿಡಿದು ನೋಡಿದ. ನಾಲಗೆ ಕರ್ರಗಾಗಿ ಬೆಸೆದುಕೊಂಡಿತ್ತು. ನಾನು ಹೇಳಿರಲಿಲ್ಲವೇ ಎಂದು ಅವನು ಅನ್ನಲಿಲ್ಲ, ದೊಡ್ಡ ಮನುಷ್ಯ.

“ಇದು ಹಾಕಿದ್ರೆ ಹತ್ತು ವರ್ಷ ಅಂಟಲ್ಲ. ಹಾಕಾಣ?”

“ಬ್ಯಾಡ ಪಾಷಣ್ಣ. ಸ್ಪಿಂಡಲಿಗೆ ರಿಲೇ ಇರ್ಲಿ. ಬ್ಲೋವರಿಗೆ ಕೈ ಸ್ವಿಚ್ಚೇ ಹಾಕ್ಕೊಡು.”

“ಹಂಗಾದ್ರೆ ಇನ್ನು ಎಲ್ಲಿಗೂ ಹೋಗಂಗಿಲ್ಲ ನೀನು.”

“ಹ್ಞೂಂ,” ಎಂದ ಗೋವರ್ಧನ.

ಈಗ ದಿನಾ ಒಂದು ಗಂಟೆಗೆ ಅವನೇ ಸ್ವಿಚ್ಚು ಆರಿಸಿ, ಸ್ಟೂಲಿನ ಮೇಲೆ ಕೂತು ಕಾಯುತ್ತಾನೆ. ಅವ್ವ ಮೊರ ಕೊಡವಿ ಎದ್ದು ಕೋಣೆಗೆ ಬರುತ್ತಾಳೆ. ಒಂದೊಂದು ದಿನ ಅವನನ್ನು ಮೇಸ್ತ್ರಿ ಎಂದು ಬೈದು ಹೋಗುತ್ತಾಳೆ. ಇನ್ನೊಂದೊಂದು ದಿನ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವನ ಬಲಗಾಲಿನ ಹರಡನ್ನು ಕೈಗೆತ್ತಿಕೊಂಡು, ಅಲ್ಲಿಲ್ಲದ ಗಂಟನ್ನು ನಿಧಾನವಾಗಿ ಬಿಚ್ಚುತ್ತಾಳೆ. ಬಿಗಿಯಾಗಿದೆ ಎಂಬಂತೆ ಒಮ್ಮೊಮ್ಮೆ ಹಲ್ಲು ಹಚ್ಚಲು ಬಗ್ಗುತ್ತಾಳೆ. ಬಿಚ್ಚಿದ ಮೇಲೆ ಆ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕುತ್ತಾಳೆ.

“ಹೋಗಪ್ಪ, ಆಡ್ಕೋ ಹೋಗು,” ಅನ್ನುತ್ತಾಳೆ. “ಮಿಲ್ಲು ಶುರುವಾಗೋದ್ರೊಳಗೆ ಬಂದ್ಬಿಡು.”

ಗೋವರ್ಧನ ಎದ್ದು ಹೊಸ್ತಿಲವರೆಗೆ ಹೋಗಿ ನಿಲ್ಲುತ್ತಾನೆ. ಬೀದಿ ನೋಡುತ್ತಾನೆ, ಬಳ್ಳಾರಿ ಕಡೆ ಹೋಗುವ ಬಸ್ಸಿನ ಹಾರನ್ ಕೇಳುತ್ತಾನೆ. ಎರಡು ಗಂಟೆಗೆ ವಾಪಸು ಬಂದು, ಸ್ಟೂಲಿನ ಮೇಲೆ ಕೂತು, ಅವ್ವ ಕಟ್ಟಲೆಂದು ತಾನೇ ಕಾಲು ಮುಂದೆ ಚಾಚುತ್ತಾನೆ.